ಹೆಂಗಸರು ಕುಡಿಯೋದು ಪಟ್ಟಣದಿಂದ ಬಂದ ಹೊಸ ಚಾಳಿಯೇ?

ಅಲ್ಲ. ಅರುಣಾಚಲ ಪ್ರದೇಶದಲ್ಲಿ ಅಕ್ಕಿಯಿಂದ ಅಪೊಂಗ್ ಎಂಬ ಮದ್ಯ ಮಾಡುವವರೇ ಮನೆಯ ಹೆಂಗಸರು. ಹಬ್ಬದಲ್ಲಿ ಅವರೂ ಕುಡಿಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ಶೇ. 24ರಷ್ಟು ಹೆಂಗಸರು ಕುಡಿಯುತ್ತಾರೆ. ಇಡೀ ದೇಶದಲ್ಲಿ ಇದು ಬರೀ ಶೇ. 1.3. ಗಂಡಸರಲ್ಲಿ ಸುಮಾರು 19.

ಹೊಸದೇನೆಂದರೆ, ಬೆಂಗಳೂರಿನಂಥ ಊರಲ್ಲಿ ಸ್ವಂತ ದುಡಿಮೆಯ ಹುಡುಗಿಯರು ನಾಲ್ಕು ಜನರ ಎದುರೇ ಕುಡಿಯುವುದು. ಸಿಟ್ಟು ಬರುವುದೂ ಅದಕ್ಕೇ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದರು. ಗಂಡಸರು ಕುಡಿಯುತ್ತಾರೆ ಅಂತ ಯಾರಾದರೂ ಹೀಗೆ ಬಾರಿಗೆ ನುಗ್ಗುತ್ತಾರಾ? ಈಗಲೂ ಅಷ್ಟೇ, ಬಿಯರ್ ಹೇಳಿದವಳು ಅವಳಾದರೂ ವೇಯ್ಟರ್ ಬಾಟಲಿ ಇಡುವುದು ಜೊತೆಗಿರುವ ಗಂಡಸಿನ ಮುಂದೆ.

ಆರೋಗ್ಯದ ವಿಚಾರ ಬೇರೆ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ಅಮಲು ಜಾಸ್ತಿ.