ಫ್ಲ್ಯಾಶ್‌ಗೆ ಹೊರಗಿನ ಬ್ಯಾಟರಿ ಪ್ಯಾಕ್: ಯಾವುದನ್ನು ಆರಿಸಬೇಕು?

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ಕುಬಸ, ಜಾತ್ರೆಗಳ ಚಿತ್ರ ತೆಗೆಯುತ್ತಿದ್ದೇನೆ. ನನ್ನಲ್ಲಿರುವುದು ಬಳಸಿದ್ದನ್ನು ಕೊಂಡ ಕ್ಯಾನನ್ 600ಇಎಕ್ಸ್-ಆರ್‌ಟಿ ಫ್ಲ್ಯಾಶ್. ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಎರಡು ಚಿತ್ರ ಸರಿಯಾಗಿ ಬಂದರೆ ಮೂರನೆಯದು ಕಪ್ಪಾಗುತ್ತದೆ. ಗೆಳೆಯರು ಹೊರಗಿನ ಬ್ಯಾಟರಿ ಪ್ಯಾಕ್ ಕೊಳ್ಳಲು ಹೇಳುತ್ತಾರೆ. ಪೆನ್ಸಿಲ್ ಸೆಲ್ ಹಾಕುವ ಪ್ಯಾಕ್ ಸಾಕೆಂದು ಒಬ್ಬರು, ಲಿಥಿಯಂ ಪ್ಯಾಕ್‌ನ್ನೇ ತೆಗೆದುಕೊಳ್ಳಬೇಕೆಂದು ಇನ್ನೊಬ್ಬರು. ಯಾವುದು ಒಳ್ಳೆಯದು? ಪ್ಯಾಕ್ ಹಾಕಿದರೆ ಬೆಳಕು ಹೆಚ್ಚಾಗುತ್ತದೆಯೇ?

ಉತ್ತರ: ಮಾನ್ಯರೇ, ತಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಉತ್ತರವೆಲ್ಲ ಅದರ ಮೇಲೆಯೇ ನಿಂತಿದೆ. ಹೊರಗಿನ ಪ್ಯಾಕ್ ಹಾಕಿದರೆ ಬೆಳಕು ಎಳ್ಳಷ್ಟೂ ಹೆಚ್ಚುವುದಿಲ್ಲ. ಕಾಯುವ ಹೊತ್ತು ಮಾತ್ರ ಕಡಿಮೆಯಾಗುತ್ತದೆ. ಫ್ಲ್ಯಾಶ್ ಬೆಳಗುವುದು ಸೆಲ್‌ನಿಂದ ನೇರವಾಗಿ ಅಲ್ಲ. ನಾಲ್ಕು ಸೆಲ್‌ಗಳ ಐದಾರು ವೋಲ್ಟ್‌ಗಳನ್ನು ಒಳಗಿರುವ ಸರ್ಕ್ಯೂಟ್ ಸುಮಾರು 300 ವೋಲ್ಟ್‌ಗೆ ಏರಿಸಿ, ಕೆಪ್ಯಾಸಿಟರ್ ಎಂಬ ಬಿಡಿಭಾಗದಲ್ಲಿ ತುಂಬುತ್ತದೆ. ಬಟನ್ ಒತ್ತಿದಾಗ ಆ ತುಂಬಿದ ವಿದ್ಯುತ್ತು ಝೆನಾನ್ ಅನಿಲದ ಕೊಳವೆಯ ಮೂಲಕ ಹರಿದು ಬೆಳಕಾಗುತ್ತದೆ. ತೊಟ್ಟಿ ಅದೇ, ತೊಟ್ಟಿಗೆ ನೀರು ತುಂಬುವ ಪೈಪು ಮಾತ್ರ ದಪ್ಪದ್ದು ಎಂದುಕೊಂಡರೆ ಪ್ಯಾಕ್‌ನ ಕೆಲಸ ಅರ್ಥವಾಗುತ್ತದೆ. ತಮ್ಮ ಮೂರನೆಯ ಚಿತ್ರ ಕಪ್ಪಾಗುವುದು ತೊಟ್ಟಿ ತುಂಬುವ ಮೊದಲೇ ಬಟನ್ ಒತ್ತಿದ್ದರಿಂದ. ಇನ್ನೊಂದು ಮಾತನ್ನೂ ಗಮನಿಸಬೇಕು: ಬಹಳಷ್ಟು ಫ್ಲ್ಯಾಶ್‌ಗಳಲ್ಲಿ ರೆಡಿ ದೀಪ ಹೊತ್ತಿಕೊಳ್ಳುವುದು ಕೆಪ್ಯಾಸಿಟರ್ ಪೂರ್ತಿ ತುಂಬುವುದಕ್ಕಿಂತ ಸ್ವಲ್ಪ ಮುಂಚೆ, ಆದ್ದರಿಂದ ದೀಪ ಕಂಡ ಕ್ಷಣವೇ ಒತ್ತಿದರೂ ಚಿತ್ರ ತುಸು ಮಂಕಾಗಬಹುದು.

ಈಗ ಕಾಯುವ ಹೊತ್ತು ಏಕೆ ಹೆಚ್ಚಾಯಿತೆಂದು ನೋಡೋಣ. ತಾವು ಯಾವ ಸೆಲ್ ಹಾಕುತ್ತೀರಿ ಎಂಬುದನ್ನು ಬರೆದಿಲ್ಲ. ಅಂಗಡಿಯಲ್ಲಿ ಸಿಗುವ ಅಲ್ಕಲೈನ್ ಸೆಲ್ ಒಂದೊಂದು 1.5 ವೋಲ್ಟ್, ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್ ಎಂಬುದನ್ನು ಕಂಡು ಅಲ್ಕಲೈನ್ ಸೆಲ್ಲೇ ಗಟ್ಟಿಯೆಂದು ನಂಬಿದವರು ನಮ್ಮ ಕಡೆ ಇನ್ನೂ ಇದ್ದಾರೆ. ಫ್ಲ್ಯಾಶ್‌ನ ಮಟ್ಟಿಗೆ ಇದು ಉಲ್ಟಾ. ಕೆಪ್ಯಾಸಿಟರ್ ತುಂಬುವ ಹೊತ್ತಿನಲ್ಲಿ ಫ್ಲ್ಯಾಶ್ ಸೆಲ್‌ಗಳಿಂದ ಹಲವು ಆಂಪಿಯರ್ ಎಳೆಯುತ್ತದೆ. ಅಲ್ಕಲೈನ್ ಸೆಲ್‌ನ ಒಳ ಪ್ರತಿರೋಧ ಹೆಚ್ಚಾದ್ದರಿಂದ ಆ ಎಳೆತಕ್ಕೆ ಅದರ ವೋಲ್ಟೇಜು ಕುಸಿಯುತ್ತದೆ, ನಿಕಲ್ ಸೆಲ್‌ನದು ಅಷ್ಟಾಗಿ ಕುಸಿಯುವುದಿಲ್ಲ. ಹೀಗಾಗಿ ಸೆಲ್ ಬದಲಿಸಿದರೇ ಎಷ್ಟೋ ಸಲ ಕಾಯುವ ಹೊತ್ತು ಗಣನೀಯವಾಗಿ ಇಳಿಯುತ್ತದೆ. ಎನೆಲೂಪ್ ಮಾದರಿಯ, ಸುಮ್ಮನಿಟ್ಟರೂ ಚಾರ್ಜ್ ಬೇಗ ಇಳಿಯದ ಸೆಲ್‌ಗಳು 2005ರಿಂದ ಮಾರುಕಟ್ಟೆಯಲ್ಲಿವೆ. 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಆಸುಪಾಸಿನ ಇಂಥ ಸೆಲ್‌ಗಳೇ ದಿನನಿತ್ಯದ ಕೆಲಸಕ್ಕೆ ಸಾಕು. ಹೊದಿಕೆಯ ಮೇಲೆ 4000, 5000 ಎಂಎಎಚ್ ಎಂದು ಅಚ್ಚಾದ ಪೆನ್ಸಿಲ್ ಸೆಲ್ ಕಂಡರೆ ಮುಟ್ಟಬೇಡಿ. ಆ ಗಾತ್ರದ ನಿಕಲ್ ಸೆಲ್‌ನಲ್ಲಿ ಅಷ್ಟು ಹಿಡಿಯುವುದಿಲ್ಲ.

ಸೆಲ್‌ಗಳನ್ನು ನಾಲ್ಕರ ಜೊತೆ ಮಾಡಿ ಗುರುತು ಹಾಕಿಟ್ಟುಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಅಥಣಿಯ ಒಂದು ಮದುವೆಯಲ್ಲಿ ಮೂರು ಹೊಸ ಸೆಲ್‌ಗಳ ಜೊತೆಗೆ ಕೈಗೆ ಸಿಕ್ಕ ಹಳೆಯದೊಂದನ್ನು ಸೇರಿಸಿ ನಾನು ಫ್ಲ್ಯಾಶ್ ಹಾಕಿಕೊಂಡಿದ್ದೆ. ಆ ಒಂದು ಸೆಲ್ ಬೇಗ ಬರಿದಾಗಿ, ಉಳಿದ ಮೂರು ಸೇರಿ ಅದರ ಮೂಲಕ ವಿದ್ಯುತ್ತನ್ನು ನೂಕುತ್ತಿದ್ದುದರಿಂದ, ಅರ್ಧ ಗಂಟೆಯಲ್ಲಿ ಸೆಲ್ ಮನೆಯ ಮುಚ್ಚಳವೇ ಬಿಸಿಯಾಯಿತು. ವಧುವಿನ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದ ಚಿತ್ರ ನನಗೆ ಸಿಗಲಿಲ್ಲ. ಅಂದಿನಿಂದ ಪ್ರತಿ ನಾಲ್ಕು ಸೆಲ್‌ಗಳಿಗೂ ಒಂದೇ ಬಣ್ಣದ ಟೇಪು ಸುತ್ತುತ್ತೇನೆ. ಪ್ರತಿ ಸೆಲ್‌ನ್ನೂ ಬೇರೆಬೇರೆಯಾಗಿ ಅಳೆದು ತುಂಬುವ ಚಾರ್ಜರ್‌ನ್ನೇ ಬಳಸುತ್ತೇನೆ.

ಕಾಯುವ ಹೊತ್ತು ಹೆಚ್ಚಲು ಎರಡನೆಯ ಕಾರಣ ಶಾಮಿಯಾನ. ಕೆಂಪು, ಹಳದಿ ಬಟ್ಟೆಯ ಎತ್ತರದ ಚಪ್ಪರಕ್ಕೆ ಫ್ಲ್ಯಾಶ್‌ನ ತಲೆಯನ್ನು ಮೇಲೆ ತಿರುಗಿಸಿ ಹೊಡೆದರೆ ಬೆಳಕಿನ ಬಹುಪಾಲನ್ನು ಬಟ್ಟೆಯೇ ನುಂಗುತ್ತದೆ, ಫ್ಲ್ಯಾಶ್ ಪ್ರತಿ ಸಲವೂ ಪೂರ್ಣ ಶಕ್ತಿಯಲ್ಲಿ ಖಾಲಿಯಾಗುತ್ತದೆ, ಜೊತೆಗೆ ಮುಖಗಳಿಗೆ ಬಟ್ಟೆಯ ಬಣ್ಣವೂ ಅಂಟುತ್ತದೆ. ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು 400ರಲ್ಲಿ ಇಟ್ಟಿದ್ದರೆ 1600ಕ್ಕೆ ಏರಿಸಿ ನೋಡಿ: ಅದೇ ಚಿತ್ರಕ್ಕೆ ಫ್ಲ್ಯಾಶ್‌ನಿಂದ ಬೇಕಾಗುವ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ನಾಲ್ಕು ಸೆಕೆಂಡು ಕಾಯುತ್ತಿದ್ದವರು ಹೆಚ್ಚುಕಡಿಮೆ ಒಂದೇ ಸೆಕೆಂಡು ಕಾಯುತ್ತೀರಿ. ಅಪರ್ಚರ್, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿಯನ್ನು, ಎಫ್8ರಿಂದ ಎಫ್5.6ಕ್ಕೆ ತಂದರೆ ಅದೂ ಮತ್ತೆ ಅರ್ಧವಾಗುತ್ತದೆ. ಈಗಿನ ಕ್ಯಾಮೆರಾಗಳಲ್ಲಿ 1600 ಐಎಸ್‌ಒ ಆಲ್ಬಮ್ ಗಾತ್ರದ ಮುದ್ರಣಕ್ಕೆ ತೊಂದರೆ ಕೊಡುವುದಿಲ್ಲ. ಸೆಲ್ ಮತ್ತು ಐಎಸ್‌ಒ ಎರಡನ್ನೂ ಸರಿಪಡಿಸಿಕೊಂಡು ಒಂದೆರಡು ಮದುವೆ ಮಾಡಿ. ಆಮೇಲೂ ಫ್ಲ್ಯಾಶ್ ಕೈಕೊಟ್ಟರೆ ಮಾತ್ರ ಪ್ಯಾಕ್‌ಗೆ ಹಣ ಹಾಕುವುದು ನ್ಯಾಯ.

ಪ್ಯಾಕ್ ಆರಿಸುವಾಗ ಮೊದಲು ನೋಡಬೇಕಾದದ್ದು ಫ್ಲ್ಯಾಶ್‌ನ ಮೈಮೇಲಿನ ಹೊರ ವಿದ್ಯುತ್ ಸಾಕೆಟ್. ತಮ್ಮ 600ಇಎಕ್ಸ್-ಆರ್‌ಟಿಯಲ್ಲಿ ಅದು ಇದೆ. ಕ್ಯಾನನ್ 430ಇಎಕ್ಸ್ ಅಥವಾ ನಿಕಾನ್ ಎಸ್‌ಬಿ-700 ಇರುವ ಓದುಗರು ಎಷ್ಟು ಹುಡುಕಿದರೂ ಅದು ಸಿಗದು. ಅಂಥವುಗಳಿಗೆ ಈ ಬಗೆಯ ಪ್ಯಾಕ್ ಹಾಕಲು ಬರುವುದಿಲ್ಲ. ಸಾಕೆಟ್‌ನ ಆಕಾರವೂ ಕಂಪನಿಯಿಂದ ಕಂಪನಿಗೆ ಬೇರೆ. ಪ್ಯಾಕ್ ಒಂದೇ ಆದರೂ ಕ್ಯಾನನ್, ನಿಕಾನ್, ಸೋನಿಗೆ ಬೇರೆಬೇರೆ ಕೇಬಲ್ ಬೇಕು. ಈ ಸಾಕೆಟ್‌ಗೆ ಬರುವ ಪ್ಯಾಕ್‌ಗಳು ತಾವೇ ವೋಲ್ಟೇಜನ್ನು ಏರಿಸಿ, ಸುಮಾರು 300 ವೋಲ್ಟ್‌ನ್ನು ನೇರವಾಗಿ ಕೆಪ್ಯಾಸಿಟರ್‌ಗೆ ಕೊಡುತ್ತವೆ. ಹಾಗೆಂದು ಒಳಗಿನ ನಾಲ್ಕು ಸೆಲ್‌ಗಳನ್ನು ತೆಗೆದುಬಿಡಬೇಡಿ, ಫ್ಲ್ಯಾಶ್‌ನ ಪರದೆ, ಲೆಕ್ಕಾಚಾರ, ರೇಡಿಯೊ ಎಲ್ಲವೂ ಅವುಗಳ ಮೇಲೆಯೇ ನಡೆಯುತ್ತವೆ.

ಕ್ಯಾನನ್‌ನ ಸಿಪಿ-ಇ4, ನಿಕಾನ್‌ನ ಎಸ್‌ಡಿ-9 ಎಂಟು ಪೆನ್ಸಿಲ್ ಸೆಲ್ ಹಿಡಿಯುವ ಪ್ಯಾಕ್‌ಗಳು. ಸೋನಿಯ ಎಫ್‌ಎ-ಇಬಿ1ಎಎಂ ಆರು ಹಿಡಿಯುತ್ತದೆ. ಗೊಡಾಕ್ಸ್ ಪಿಬಿ960 ಲಿಥಿಯಂ ಬ್ಯಾಟರಿಯದು, ಎರಡು ಫ್ಲ್ಯಾಶ್‌ಗಳಿಗೆ ಒಟ್ಟಿಗೆ ಕೊಡಬಲ್ಲದು. ಇವನ್ನು ಹೋಲಿಸುವಾಗ ಎಂಎಎಚ್ ಸಂಖ್ಯೆಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ, ಒಟ್ಟು ಶಕ್ತಿಯ ಅಳತೆಯಾದ ವ್ಯಾಟ್-ಅವರ್ ಮಾಡಿಕೊಳ್ಳಬೇಕು. 2000 ಎಂಎಎಚ್‌ನ ನಾಲ್ಕು ನಿಕಲ್ ಸೆಲ್ ಎಂದರೆ 4.8 ವೋಲ್ಟ್ ಗುಣಿಸು 2 ಆಂಪಿಯರ್-ಅವರ್, ಅಂದರೆ 9.6 ವ್ಯಾಟ್-ಅವರ್. ಎಂಟು ಸೆಲ್ 19.2. ಪಿಬಿ960 11.1 ವೋಲ್ಟ್, 4500 ಎಂಎಎಚ್, ಎಂದರೆ ಸುಮಾರು 50. ತಮ್ಮಂಥ ಫ್ಲ್ಯಾಶ್ ಪೂರ್ಣ ಶಕ್ತಿಯಲ್ಲಿ ಒಂದು ಸಲ ಮಿನುಗಲು ಕೆಪ್ಯಾಸಿಟರ್‌ನಲ್ಲಿ ಸುಮಾರು 75 ಜೂಲ್ ಬೇಕೆಂದು, ವೋಲ್ಟ್ ಏರಿಸುವಾಗ ಅರ್ಧದಷ್ಟು ಬಿಸಿಯಾಗಿ ಹೋಗುತ್ತದೆಂದು ಹಿಡಿಯಿರಿ. ಒಂದು ವ್ಯಾಟ್-ಅವರ್‌ಗೆ 3600 ಜೂಲ್. ನಾಲ್ಕು ಸೆಲ್‌ನಿಂದ 230ರ ಸುತ್ತ ಪೂರ್ಣ ಮಿನುಗು, 50 ವ್ಯಾಟ್-ಅವರ್ ಪ್ಯಾಕ್‌ನಿಂದ 1200ರ ಸುತ್ತ ಎಂದಾಯಿತು. ಕಾಲು ಶಕ್ತಿಯಲ್ಲಿ ಹೊಡೆದರೆ ಎರಡೂ ನಾಲ್ಕು ಪಟ್ಟು. ಒಂದು ಮದುವೆಯಲ್ಲಿ ತಾವು ನಿಜವಾಗಿ ಎಷ್ಟು ಫ್ಲ್ಯಾಶ್ ಹೊಡೆಯುತ್ತೀರೆಂದು ಕಳೆದ ವಾರದ ಮೆಮೊರಿ ಕಾರ್ಡ್ ತೆಗೆದು ಎಣಿಸಿ, ಆ ಸಂಖ್ಯೆಗೆ ತಕ್ಕ ಪ್ಯಾಕ್ ಕೊಳ್ಳಿ.

ಮಾರುವವರು ಹೆಚ್ಚಾಗಿ ಹೇಳದ ಮಾತು ಬಿಸಿಯದು. ಪ್ಯಾಕ್ ಇಲ್ಲದಾಗ ಸೆಲ್‌ಗಳ ನಿಧಾನವೇ ಫ್ಲ್ಯಾಶ್‌ಗೆ ವಿಶ್ರಾಂತಿ ಕೊಡುತ್ತಿತ್ತು. ಪ್ಯಾಕ್ ಬಂದೊಡನೆ ಆ ವಿಶ್ರಾಂತಿ ತಪ್ಪುತ್ತದೆ, ಕೊಳವೆ ಮತ್ತು ಅದರ ಮುಂದಿನ ಪ್ಲಾಸ್ಟಿಕ್ ಬಿಸಿಯಾಗತೊಡಗುತ್ತವೆ. ಸತತವಾಗಿ ಇಷ್ಟು ಪೂರ್ಣ ಮಿನುಗಿನ ನಂತರ ಇಷ್ಟು ನಿಮಿಷ ಬಿಡಬೇಕೆಂದು ಪ್ರತಿ ಫ್ಲ್ಯಾಶ್‌ನ ಕೈಪಿಡಿಯಲ್ಲಿ ಬರೆದಿರುತ್ತಾರೆ. ಮಿನುಗಿನ ಆ ಸಂಖ್ಯೆ ಸಾಮಾನ್ಯವಾಗಿ ಇಪ್ಪತ್ತು, ಮೂವತ್ತರ ಆಸುಪಾಸಿನಲ್ಲಿರುತ್ತದೆ, ವಿಶ್ರಾಂತಿ ಹತ್ತು ನಿಮಿಷದ್ದು. ನಮ್ಮಲ್ಲಿ ಮದುವೆಗಳು ಸೇರುವುದೇ ಏಪ್ರಿಲ್, ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ. ತಗಡಿನ ಚಪ್ಪರದ ಕೆಳಗೆ ನಿಂತು ಬೀಗರ ಗುಂಪು ಚಿತ್ರಗಳನ್ನು ಒಂದರ ಹಿಂದೊಂದು ಪೂರ್ಣ ಶಕ್ತಿಯಲ್ಲಿ ತೆಗೆದು ಫ್ಲ್ಯಾಶ್‌ನ ಮುಂಭಾಗ ಕಂದುಗಟ್ಟಿಸಿಕೊಂಡವರನ್ನು ನಾನು ಬಲ್ಲೆ. ಆದ್ದರಿಂದ ಪ್ಯಾಕ್ ಇದ್ದವರೇ ಫ್ಲ್ಯಾಶ್‌ನ್ನು ಅರ್ಧ, ಕಾಲು ಶಕ್ತಿಯಲ್ಲಿ ದುಡಿಸಬೇಕು.

ತಮಗೆ ನಾನು ಹೇಳುವುದು ಎಂಟು ಸೆಲ್‌ನ ಪ್ಯಾಕ್. ಹಳ್ಳಿಯಲ್ಲಿ ಕರೆಂಟು ಹೋದರೂ ಮೊದಲೇ ತುಂಬಿಟ್ಟ ಇನ್ನೊಂದು ಜೊತೆ ಸೆಲ್‌ಗಳನ್ನು ಅಲ್ಲೇ ಬದಲಿಸಬಹುದು. ಒಂದು ಸೆಲ್ ಕೆಟ್ಟರೆ ಪ್ಯಾಕ್ ಮೂಲೆಗೆ ಬೀಳುವುದಿಲ್ಲ. ಫ್ಲ್ಯಾಶ್‌ನ ಒಳಗೂ ಅದೇ ಸೆಲ್, ಅದೇ ಚಾರ್ಜರ್. ಲಿಥಿಯಂ ಪ್ಯಾಕ್ ಒಂದೇ ದಿನ ಎರಡು ಮದುವೆ ಹಿಡಿಯುವವರಿಗೆ, ಎರಡು ಫ್ಲ್ಯಾಶ್ ನಡೆಸುವವರಿಗೆ ಹೊಂದುತ್ತದೆ. ಅದರ ಬ್ಯಾಟರಿ ಕೆಲ ವರ್ಷಗಳಲ್ಲಿ ಸೊರಗಿದಾಗ ಅದೇ ಮಾದರಿಯ ಬ್ಯಾಟರಿ ಸಿಗುವುದೆಂದು ಕೊಳ್ಳುವ ದಿನವೇ ಖಾತ್ರಿ ಮಾಡಿಕೊಳ್ಳಬೇಕು. ಯಾವುದೇ ಆಗಲಿ, ಫ್ಲ್ಯಾಶ್ ಮತ್ತು ಪ್ಯಾಕ್ ಎರಡನ್ನೂ ಆಫ್ ಮಾಡಿ ಕೇಬಲ್ ಜೋಡಿಸಿ, ತೆಗೆಯುವಾಗಲೂ ಹಾಗೆಯೇ. ಆ ಕೇಬಲ್‌ನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜು ಇರುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವವರಂತೂ ಸಾಕೆಟ್‌ನ ರಬ್ಬರ್ ಮುಚ್ಚಳವನ್ನು ಕಳೆದುಕೊಳ್ಳಬಾರದು. ಹಾರುವ ಭಂಡಾರದ (ಅರಿಶಿನದ) ಪುಡಿ ಎಲ್ಲ ಸಂದುಗಳಿಗೂ ಇಳಿಯುತ್ತದೆ, ಬೆವರಿನ ಕೈ ತಾಗಿದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ.

ಪ್ರಶ್ನೆ: ಮೊಬೈಲ್‌ನ ಪವರ್ ಬ್ಯಾಂಕ್ ನನ್ನಲ್ಲಿದೆ, 20000 ಎಂಎಎಚ್. ಅದನ್ನೇ ಫ್ಲ್ಯಾಶ್‌ಗೆ ಜೋಡಿಸಿಕೊಳ್ಳಬಹುದೇ? ಅಂಗಡಿಯವರೊಬ್ಬರು ಪೆನ್ಸಿಲ್ ಸೆಲ್‌ನ ಅಳತೆಯದೇ ಲಿಥಿಯಂ ಸೆಲ್ ತೋರಿಸಿ, ಇದು ಇನ್ನೂ ಜೋರು ಎಂದರು. — ಓದುಗರು, ವಿಜಯಪುರ

ಉತ್ತರ: ಪವರ್ ಬ್ಯಾಂಕ್‌ನಲ್ಲಿ ಶಕ್ತಿ ಸಾಕಷ್ಟಿದ್ದರೂ ಅದನ್ನು ಒಮ್ಮೆಲೇ ಕೊಡಲು ಅದಕ್ಕೆ ಬರುವುದಿಲ್ಲ. ಸಾಮಾನ್ಯ ಯುಎಸ್‌ಬಿ ಬಾಯಿ 5 ವೋಲ್ಟ್‌ನಲ್ಲಿ ಎರಡು, ಮೂರು ಆಂಪಿಯರ್‌ಗೆ ನಿಲ್ಲುತ್ತದೆ. ಫ್ಲ್ಯಾಶ್ ಅದಕ್ಕಿಂತ ಹೆಚ್ಚು ಎಳೆದೊಡನೆ ಪವರ್ ಬ್ಯಾಂಕ್ ತಾನಾಗಿಯೇ ಆಫ್ ಆಗಿಬಿಡುತ್ತದೆ. ಆದರೆ ಎರಡನೆಯ ಮಾತು ನನಗೆ ಕಳವಳ ತಂದಿದೆ. 14500 ಎಂಬ ಹೆಸರಿನ ಲಿಥಿಯಂ ಸೆಲ್ ನೋಡಲು ಪೆನ್ಸಿಲ್ ಸೆಲ್ಲೇ, ವೋಲ್ಟೇಜು ಮಾತ್ರ 3.7. ನಾಲ್ಕು ಹಾಕಿದರೆ ಸುಮಾರು 15 ವೋಲ್ಟ್ ಆಗಿ, 6 ವೋಲ್ಟ್‌ಗೆಂದು ಮಾಡಿದ ಫ್ಲ್ಯಾಶ್ ಸುಟ್ಟುಹೋಗುತ್ತದೆ. ದಯವಿಟ್ಟು ಹಾಕಬೇಡಿ. ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ ಸೆಲ್ ಬೇರೆ ಜಾತಿಯದು, ಅದರೊಳಗೆ ವೋಲ್ಟ್ ಇಳಿಸುವ ಸರ್ಕ್ಯೂಟ್ ಇದೆ. ಅದೇ ಸರ್ಕ್ಯೂಟ್ ಫ್ಲ್ಯಾಶ್‌ನ ಎಳೆತಕ್ಕೆ ಅಡ್ಡ ನಿಲ್ಲುವುದರಿಂದ ಅದೂ ಈ ಕೆಲಸಕ್ಕೆ ತಕ್ಕುದಲ್ಲ.

ಪ್ರಶ್ನೆ: ಆಷಾಢದಲ್ಲಿ ಕೆಲಸವಿರುವುದಿಲ್ಲ. ಲಿಥಿಯಂ ಪ್ಯಾಕ್‌ನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಕೇ? — ಓದುಗರು, ಬೆಳಗಾವಿ

ಉತ್ತರ: ಪೂರ್ತಿ ಬೇಡ, ಪೂರ್ತಿ ಖಾಲಿಯೂ ಬೇಡ. ಅರ್ಧದಷ್ಟು ಚಾರ್ಜ್ ಇರುವಂತೆ ಮಾಡಿ, ಕೇಬಲ್ ಬಿಚ್ಚಿ, ತಂಪಾದ ಒಣ ಜಾಗದಲ್ಲಿಡಿ. ಬೆಳಗಾವಿಯ ಮಳೆಗಾಲದ ತೇವಕ್ಕೆ ಸಾಕೆಟ್‌ಗಳು ಕಿಲುಬು ಹಿಡಿಯುವುದರಿಂದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವನ್ನೂ ಹಾಕಿ. ಫ್ಲ್ಯಾಶ್‌ನೊಳಗಿನ ಸೆಲ್‌ಗಳನ್ನು ತೆಗೆದಿಡಿ, ಸೋರಿದರೆ ಸಂಪರ್ಕ ಪಟ್ಟಿಗಳನ್ನು ತಿನ್ನುತ್ತವೆ. ಫ್ಲ್ಯಾಶ್‌ನ್ನು ಮಾತ್ರ ಮರೆಯಬೇಡಿ. ಕೆಪ್ಯಾಸಿಟರ್ ಬಹಳ ಕಾಲ ಖಾಲಿ ಬಿದ್ದರೆ ಅದರ ಹಿಡಿತ ಕುಗ್ಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಸೆಲ್ ಹಾಕಿ, ಕೆಲವು ನಿಮಿಷ ಚಾಲೂ ಇಟ್ಟು, ಐದಾರು ಸಲ ಬೆಳಗಿಸಿ ಮತ್ತೆ ಎತ್ತಿಡಿ.