ನೋರ್ ಕೋಟೆಯನ್ನು ಕೆಡವಿದ್ದು ಯಾರು?

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಥೇಮ್ಸ್ ಅಳಿವೆಯಲ್ಲಿ ಮೂರು ಸೇನಾ ಕೋಟೆಗಳನ್ನು ನಿಲ್ಲಿಸಿದ್ದರಂತೆ. ರೆಡ್ ಸ್ಯಾಂಡ್ಸ್, ಶಿವರಿಂಗ್ ಸ್ಯಾಂಡ್ಸ್ ಈಗಲೂ ಇವೆ. ನೋರ್ ಮಾತ್ರ ಇಲ್ಲ. ಜರ್ಮನ್ ಬಾಂಬಿಗೆ ಸಿಕ್ಕಿತೇ?

ಉತ್ತರ: ಇಲ್ಲ. ಅದಕ್ಕೆ ಗುದ್ದಿದ್ದು ಒಂದು ಸರಕು ಹಡಗು, ಅದೂ ಯುದ್ಧ ಮುಗಿದು ಎಂಟು ವರ್ಷಗಳಾಗುವ ಹೊತ್ತಿಗೆ.

ಗೈ ಮೌನ್ಸೆಲ್ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ಈ ಕೋಟೆಗಳು 1943ರಲ್ಲಿ ನೆಲೆ ನಿಂತವು. ಒಂದೊಂದು ಕೋಟೆಗೂ ಏಳು ಗೋಪುರ. ನಡುವೆ ನಿಯಂತ್ರಣ ಗೋಪುರ, ಅದರ ಸುತ್ತ 3.7 ಇಂಚಿನ ವಿಮಾನ ನಿರೋಧಕ ಫಿರಂಗಿಗಳ ನಾಲ್ಕು ಗೋಪುರ. 40 ಮಿ.ಮೀ. ಬೋಫೋರ್ಸ್‌ಗೆ ಒಂದು, ಸರ್ಚ್‌ಲೈಟಿಗೆ ಇನ್ನೊಂದು. ನೆಲದ ಮೇಲಿನ ಫಿರಂಗಿ ದಳದ ಜೋಡಣೆಯನ್ನೇ ಕಡಲಿಗೆ ಇಳಿಸಿದ್ದರು, ಅಷ್ಟೆ. ಗ್ರೇವ್ಸೆಂಡ್‌ನಲ್ಲಿ ಕಟ್ಟಿ, ನೀರಿನ ಮೇಲೆ ಎಳೆದೊಯ್ದು, ಒಂದೊಂದನ್ನೇ ತಳಕ್ಕೆ ಕೂರಿಸಿದರು. ಬುಡದ ಕಾಂಕ್ರೀಟ್ ಚೌಕಟ್ಟು ತನ್ನ ಭಾರಕ್ಕೆ ತಾನೇ ಮರಳಿನಲ್ಲಿ ಹೂತುಕೊಳ್ಳುತ್ತದೆ. ಅದರಿಂದ ಮೇಲೇಳುವ ನಾಲ್ಕು ಓರೆಕಾಲುಗಳ ಮೇಲೆ ಎರಡಂತಸ್ತಿನ ಉಕ್ಕಿನ ಮನೆ.

ಕಾಲುಗಳ ಸಂದಿನಲ್ಲಿ ಅಲೆ ಹಾದುಹೋಗುವುದರಿಂದ ಬಿರುಗಾಳಿಗೆ ಹೆದರಬೇಕಿರಲಿಲ್ಲ. ಹಡಗಿನ ಮೂತಿಯ ಕಥೆಯೇ ಬೇರೆ. ಅದರ ಪೂರ್ತಿ ಹೊಡೆತ ಒಂದೆರಡು ಕಾಲಿನ ಮೇಲೆ ಅಡ್ಡಲಾಗಿ ಬೀಳುತ್ತದೆ. ಕಾಲು ಮುರಿದರೆ ಮೇಲಿನ ಭಾರವೇ ಉಳಿದ ಕೆಲಸ ಮುಗಿಸುತ್ತದೆ. 1953ರ ಮಾರ್ಚ್ 1ರಂದು ಸ್ವೀಡನ್ನಿನ ಬಾಲ್‌ಬೆಕ್ ಹಡಗು ಗುದ್ದಿದಾಗ ಎರಡು ಗೋಪುರಗಳು ನೆಲಕಚ್ಚಿದವು, ನಾಲ್ವರು ಸತ್ತರು. ಗೋಪುರಗಳ ನಡುವೆ ಇದ್ದದ್ದು ನಡೆದಾಡುವ ಉಕ್ಕಿನ ಸೇತುವೆ ಮಾತ್ರ, ಪ್ರತಿಯೊಂದಕ್ಕೂ ಬುಡ ಬೇರೆ. ಹಾಗಾಗಿ ಮಿಕ್ಕ ಐದು ಉಳಿದವು. ಆದರೆ ಹಡಗುದಾರಿಯ ಮಗ್ಗುಲಲ್ಲೇ ಇಂಥ ಅಡ್ಡಿಯನ್ನು ಇಟ್ಟುಕೊಳ್ಳಲು ಯಾರು ಒಪ್ಪುತ್ತಾರೆ? 1959–60ರಲ್ಲಿ ಅವನ್ನೂ ಕಳಚಿಹಾಕಿದರು.

ಶಿವರಿಂಗ್ ಸ್ಯಾಂಡ್ಸ್‌ಗೂ 1963ರಲ್ಲಿ ರಿಬರ್ಸ್‌ಬೋರ್ಗ್ ಎಂಬ ಹಡಗು ಗುದ್ದಿ ಒಂದು ಗೋಪುರ ಹೋಯಿತು. ಈಗ ಅಲ್ಲಿರುವುದು ಆರು. ಲಿವರ್‌ಪೂಲ್ ಬಳಿಯ ಮರ್ಸಿ ನದೀಮುಖದಲ್ಲಿದ್ದ ಇದೇ ಮಾದರಿಯ ಮೂರು ಕೋಟೆಗಳನ್ನಂತೂ 1950ರ ದಶಕದಲ್ಲೇ ತೆಗೆದುಹಾಕಿದ್ದಾರೆ.

ಪ್ರಶ್ನೆ: ನೌಕಾಪಡೆಯ ಕೋಟೆಗಳೂ ಹೀಗೇ ಹೋದವೇ? ನೋರ್‌ನ ಕುರುಹು ಏನಾದರೂ ಉಳಿದಿದೆಯೇ?

ಉತ್ತರ: ನೌಕಾಪಡೆಯವು 1942ರವು, ರಚನೆಯೇ ಬೇರೆ. ಕಾಂಕ್ರೀಟ್ ದೋಣಿಯಂಥ ತಳದ ಮೇಲೆ ಎರಡು ಪೊಳ್ಳು ಗೋಪುರ, ಒಂದೊಂದರ ಅಡ್ಡಗಲ 24 ಅಡಿ. ಸಿಬ್ಬಂದಿಯ ವಾಸ ಆ ಪೊಳ್ಳಿನೊಳಗೇ. ತಳಕ್ಕೆ ನೀರು ತುಂಬಿಸಿ ಮುಳುಗಿಸಿದರೆ ಕೋಟೆ ಸಿದ್ಧ. ಆದರೆ ಇಡೀ ಕೋಟೆಗೆ ಒಂದೇ ತಳ, ಅದು ಅಲುಗಿದರೆ ಎಲ್ಲವೂ ಅಲುಗುತ್ತದೆ. ಇವುಗಳಲ್ಲಿ ಟಂಗ್ ಸ್ಯಾಂಡ್ಸ್ ಕೋಟೆ 1947ರಲ್ಲೇ ಜೋರಾಗಿ ನಡುಗಿ ತುಂಡುಗಳನ್ನು ಉದುರಿಸಿತ್ತು, 1996ರ ಬಿರುಗಾಳಿಗೆ ಕುಸಿಯಿತು. ಸಂಕ್ ಹೆಡ್ ಕೋಟೆಯನ್ನು 1967ರಲ್ಲಿ ಸೇನೆಯೇ ಸಿಡಿಸಿತು. ಬೇರೆಯವರು ಬಂದು ತಳವೂರುತ್ತಾರೆಂಬ ಭಯ. ಅದೇ ವರ್ಷ ಇನ್ನೊಂದು ನೌಕಾ ಕೋಟೆಯಾದ ರಫ್ಸ್ ಗೋಪುರದಲ್ಲಿ ‘ಸೀಲ್ಯಾಂಡ್’ ಎಂಬ ಸ್ವಘೋಷಿತ ದೇಶದ ಘೋಷಣೆಯಾದದ್ದನ್ನು ನೋಡಿದರೆ ಭಯ ಸುಳ್ಳೆನ್ನಲಾಗದು.

ನೋರ್‌ನ ಬುಡದ ಚೌಕಟ್ಟಿನ ತುಂಡುಗಳನ್ನು ಕೆಂಟ್‌ನ ಕ್ಲಿಫ್ ಹಳ್ಳಿಯ ಬಳಿ ದಡಕ್ಕೆ ಎಳೆದು ಬಿಟ್ಟಿದ್ದಾರೆ. ನೋಡಬೇಕೆಂದರೆ ಇಳಿತದ ಹೊತ್ತು ತಿಳಿದುಕೊಂಡೇ ಹೊರಡಿ. ಭರತದಲ್ಲಿ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ.