ಒಂದ ಹೊಂಡ, ಮೂರು ಕಂಟ್ರೋಲರ್: ವೋಟ್ ಬ್ಯಾಡ್ರಿ, ಕಾರಣ ಕೇಳಸ್ರಿ

ಕುಷ್ಟಗಿ ಅಣ್ಣಾರು ಕೇಳಿದ್ದು ಏನಂದ್ರ, ಒಂದ ಕೃಷಿ ಹೊಂಡ, ಒಂದ ಮೋಟರ್, ಅಣ್ಣತಮ್ಮರ ಮೂರು ಹೊಲ, ದಾಳಿಂಬಿ ಮೆಣಸಿನಕಾಯಿ ಶೇಂಗಾ, ಮೂರಕ್ಕೂ ವಾಲ್ವ್ ತೆರೆಯೋ ಮುಚ್ಚೋ ಪ್ರೋಗ್ರಾಂ ಇರೋ ಬ್ಯಾರೆ ಬ್ಯಾರೆ ಕಂಟ್ರೋಲರ್, ಇವತ್ತು ಯಾರಿಗೆ ಮೊದ್ಲು ನೀರು ಅಂತ ಸಾಫ್ಟ್‌ವೇರೇ ತೀರ್ಮಾನ ಮಾಡ್ಬೇಕು, ಅದಕ್ಕ ವೋಟ್ ಹಾಕ್ಸಿದ್ರ ಸಾಕಲ್ಲ ಅಂತ. ಸಾಕಾಗಂಗಿಲ್ರಿ ಅಣ್ಣಾರ. ಮೂರೂ ತಮ್ಮ ತಮ್ಮ ಹೊಲಕ್ಕ ವೋಟ್ ಹಾಕ್ಕೋತಾವು, ಇಲ್ಲಾ ಎರಡು ಕೂಡಿ ಮೂರನೇದನ್ನ ಒಣಗಸ್ತಾವು. ಯಾಕ ಬೇಕು ನೀರು ಅಂತ ಯಾರೂ ಕೇಳಂಗಿಲ್ಲ ಅಲ್ಲಿ.

ಇದಕ್ಕ ವಾದ ಮಾಡೋ ಏಜೆಂಟ್, ಅಂದ್ರ ಒಬ್ಬೊಬ್ರ ಪರವಾಗಿ ಮಾತಾಡೋ ಪ್ರೋಗ್ರಾಂ, ಅನ್ನೋ ದಾರಿ ಐತಿ. ಪ್ರತಿ ಪ್ರೋಗ್ರಾಂ ಕಾರಣ ಕೊಟ್ಟು ಕೇಳ್ಬೇಕು, ಉಳಿದವು ಆ ಕಾರಣಕ್ಕ ಎದುರು ಹೇಳ್ಬೋದು. ಯಾವ ವಾದ ಗೆಲ್ತೈತಿ ಅನ್ನೋಕೆ 1995ರಾಗ ಫಾನ್ ಮಿನ್ ಡುಂಗ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಒಂದು ಲೆಕ್ಕ ಕೊಟ್ಟಾರ: ಎದುರೇ ಇಲ್ಲದ ವಾದ ನಿಲ್ತೈತಿ, ಅದು ಹೊಡದದ್ದು ಬೀಳ್ತೈತಿ, ಒಂದು ವಾದದ ಮ್ಯಾಲೆ ಬಂದ ಎದುರುಗಳೆಲ್ಲಾ ಬಿದ್ರ ಆ ವಾದ ಮತ್ತ ಎದ್ದು ನಿಲ್ತೈತಿ.

ನಿಮ್ಮ ಹೊಲದಾಗ ನೋಡ್ರಿ. ದಾಳಿಂಬಿ ಪ್ರೋಗ್ರಾಂ ಅಂತೈತಿ, ನನ್ನ ಮಣ್ಣಿನ ಸೆನ್ಸರ್ ಒಣಾ ತೋರಸ್ತೈತಿ, ನೀರು ನನಗ. ಶೇಂಗಾದ್ದು ಎದುರು ಹೇಳ್ತೈತಿ, ನಿನ್ನ ಸೆನ್ಸರ್ ಕೆಟ್ಟೈತಿ, ನಿನ್ನೆ ಎರಡು ತಾಸು ವಾಲ್ವ್ ತೆರದಿತ್ತು ಆದ್ರೂ ರೀಡಿಂಗ್ ಏರಿಲ್ಲ. ದಾಳಿಂಬಿ ಮತ್ತ ಅಂತೈತಿ, ವಾಲ್ವ್ ತೆರದಿತ್ತು ಖರೆ, ಕರೆಂಟ್ ಇರ್ಲಿಲ್ಲ, ಪೈಪಿನಾಗ ಹರಿದ ನೀರು ಅಳೆಯೋ ಫ್ಲೋ ಮೀಟರ್ ಸೊನ್ನಿ ಐತಿ ನೋಡು. ಇದಕ್ಕ ಯಾರ ಕಡೆನೂ ಉತ್ತರ ಇಲ್ಲ, ಹಂಗಾಗಿ ಶೇಂಗಾದ ತಕರಾರು ಬಿತ್ತು, ದಾಳಿಂಬಿ ಬೇಡಿಕೆ ಮತ್ತ ನಿಂತಿತು. ವೋಟ್ ಹಾಕ್ಸಿದ್ರ ಈ ಫ್ಲೋ ಮೀಟರ್ ಸಂಗ್ತಿ ಹೊರಗ ಬರ್ತಿತ್ತಾ?

ಆದ್ರ ಮೆಣಸಿನಕಾಯಿ ಪ್ರೋಗ್ರಾಂ ಹೂ ಬಿಡೋ ಟೈಮ್ ಐತಿ, ನನಗೂ ಇವತ್ತ ಬೇಕು ಅಂದ್ರ? ಮೋಟರ್ ಒಂದ, ಇವೆರಡೂ ಒಂದಕ್ಕೊಂದು ಎದುರು, ಎರಡೂ ಖರೆ. ಬರೇ ಹೊಡೆದಾಟದ ಲೆಕ್ಕ ಇಲ್ಲಿ ನಿಂತುಬಿಡ್ತೈತಿ. 2003ರಾಗ ಟ್ರೆವರ್ ಬೆಂಚ್-ಕೇಪನ್ ಅನ್ನೋ ಕಂಪ್ಯೂಟರ್ ಸಂಶೋಧಕರು ಇದಕ್ಕ ಸೇರಿಸಿದ್ದು, ಪ್ರತಿ ವಾದ ಯಾವ ಒಳ್ಳೇದಕ್ಕ ಅಂತ ಗುರ್ತು ಹಾಕೋದು, ಯಾವುದು ದೊಡ್ಡದು ಅನ್ನೋ ಕ್ರಮ ಮೊದ್ಲ ಕೊಡೋದು. ನೀರು ಏರುಪೇರಾದ್ರ ದಾಳಿಂಬಿ ಹಣ್ಣು ಬಿರೀತೈತಿ, ಆ ಲುಕ್ಸಾನ ದೊಡ್ಡದೋ ಹೂ ಉದುರೋದು ದೊಡ್ಡದೋ, ಇದನ್ನ ಪ್ರೋಗ್ರಾಂ ಕೈಗೆ ಬಿಡಬ್ಯಾಡ್ರಿ, ಮೂರೂ ಮನಿಯವ್ರು ಕುಂತು ಸೀಜನ್ ಶುರು ಆಗೋಕೂ ಮೊದ್ಲ ಬರದಿಡ್ರಿ. ನನ್ನ ಪ್ರಕಾರ ಇಡೀ ಕೆಲ್ಸದಾಗ ಇದ ಮುಖ್ಯ, ಕೋಡ್ ಆಮ್ಯಾಲೆ ಯಾರ್ ಬೇಕಾದ್ರೂ ಬರದು ಕೊಡ್ತಾರ.

ಇನ್ನ ಸುಳ್ಳಿನ ಮಾತು. ಒಬ್ಬೊಬ್ರ ಪ್ರೋಗ್ರಾಂ ಒಬ್ಬೊಬ್ರ ಕೈಯಾಗ ಇದ್ರ ನನ್ನ ಹೊಲ ಒಣಾ ಅಂತ ಸುಮ್ನ ಹೇಳೋದು ಸಲೀಸು. ಅದಕ್ಕ ಸೆನ್ಸರ್, ವಾಲ್ವ್, ಫ್ಲೋ ಮೀಟರ್ ಲೆಕ್ಕ ಎಲ್ಲಾರಿಗೂ ಕಾಣಂಗ ಒಂದ ಕಡೆ ಇರ್ಲಿ, ಒಮ್ಮಿ ಹೇಳಿದ್ದು ಅಲ್ಲೇ ದಾಖಲ್ ಆಗ್ಲಿ, ಆಮ್ಯಾಲೆ ಮಾತು ತಿರುವಾಕ ಬರಬಾರ್ದು.

ಮತ್ತ ವಾದಕ್ಕ ಟೈಮ್ ಇಡ್ರಿ. ತ್ರೀ ಫೇಸ್ ಬಂದ ಮ್ಯಾಲೆ ಕುಂತ್ರ ಕರೆಂಟ್ ಹೋಗಿಬಿಡ್ತೈತಿ, ಕರೆಂಟ್ ಬರೋಕೂ ಮೊದ್ಲ ಮುಗೀಬೇಕು, ಮುಗೀಲಿಲ್ಲಾ ಅಂದ್ರ ಈಗಿರೋ ಪಾಳಿ ಪ್ರಕಾರನ ವಾಲ್ವ್ ತೆರೀಲಿ.